ಅಂಜಲೆಯ ಕುತ್ತಿಗೆ

ಅಂಜಲೆ ಮೊದಲ ಸಲ ಚಹಾ ಗಿಡಗಳ ನಡುವೆ ಕುಸಿದು ಕುಳಿತು ವಾಂತಿ ಮಾಡಿಕೊಂಡ ದಿನ, ಪಕ್ಕದ ಸಾಲಿನಲ್ಲಿದ್ದ ರಾಮಾಯಿ ಓಡಿ ಬಂದಳು. ಬುಟ್ಟಿಯ ಹಗ್ಗವನ್ನು ತಲೆಯಿಂದ ಇಳಿಸಿದಳು, ಬೆನ್ನು ಸವರಿದಳು, ಬಾಟಲಿಯಲ್ಲಿದ್ದ ತಣ್ಣನೆ ಟೀಯನ್ನು ಬಾಯಿಗೆ ಹಿಡಿದಳು. ಎಲ್ಲ ಮಾಡಿದ ಮೇಲೆ ಅವಳ ಕಣ್ಣು ಅಂಜಲೆಯ ಹೊಟ್ಟೆಯ ಮೇಲೆ ಬಿದ್ದು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಅಂಜಲೆಗೆ ಆಗ ಗುಡ್ಡವೇ ಗಿರಗಿರ ತಿರುಗುತ್ತಿತ್ತು. ಆದರೂ ಆ ನೋಟ ಅವಳಿಗೆ ಕಂಡಿತು.

ಅಂಜಲೆಯ ಗಂಡ ತೀರಿಕೊಂಡು ಏಳನೆಯ ವರ್ಷ ನಡೆಯುತ್ತಿತ್ತು. ಗಂಡನಿಲ್ಲದ ಹೆಂಗಸು ಕೆಲಸದ ಮಧ್ಯೆ ತಲೆ ತಿರುಗಿ ಬಿದ್ದು ವಾಂತಿ ಮಾಡಿಕೊಂಡರೆ ತೋಟದ ಆಳುಗಳ ಲೈನು ಮನೆಗಳ ಹೆಂಗಸರು ಏನು ಯೋಚಿಸುತ್ತಾರೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇರೆ ಯಾವಳಾದರೂ ಬಿದ್ದಿದ್ದರೆ ಅವಳೂ ಮೊದಲು ಹೊಟ್ಟೆಯನ್ನೇ ನೋಡುತ್ತಿದ್ದಳು.

ಅಂಜಲೆ ಹುಟ್ಟಿದ್ದು ಸಿಂಹಳ ದ್ವೀಪದ ತಲವಾಕ್ಕಲೆ ಪೇಟೆಯ ಮೇಲಿನ ಗುಡ್ಡದ ಅದೇ ತೋಟದಲ್ಲಿ. ಮೈನೆರೆದ ವರ್ಷವೇ ಅವಳ ಅವ್ವ ಹಳೆಯ ಸೀರೆಯ ತುಂಡನ್ನು ಮಡಿಸಿ ನೆತ್ತಿಯ ಮೇಲಿಟ್ಟು, ಅದರ ಮೇಲೆ ಬುಟ್ಟಿಯ ಹಗ್ಗ ಹಾಕಿ, "ಪೊಲಿ, ಪೊಲಿ" ಎಂದು ಬೆಳೆ ಹೆಚ್ಚಲಿ ಎನ್ನುವ ಕೂಗನ್ನು ಎಲ್ಲ ಹೆಂಗಸರ ಜೊತೆ ಕೂಗಿಸಿ ಮೊದಲ ಹಿಡಿ ಚಿಗುರು ಹಾಕಿಸಿದ್ದಳು. ಅಂದಿನಿಂದ ಬುಟ್ಟಿ ಬೆನ್ನ ಮೇಲೆ, ಅದರ ಭಾರವೆಲ್ಲ ನೆತ್ತಿಯ ಮೇಲೆ. ಎರಡು ಕೈಯಲ್ಲೂ ಚಿಗುರು ಚಿವುಟಿ, ಹಿಡಿ ತುಂಬಿದ ಕೂಡಲೇ ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಉಳಿದವರು ಎಸೆದು ಮುಂದೆ ಹೋಗುತ್ತಿದ್ದರು. ಅಂಜಲೆ ಮಾತ್ರ ಪ್ರತಿ ಸಲವೂ ಎಡಗಡೆ ಕತ್ತು ತಿರುಗಿಸಿ, ಬಿದ್ದಿದ್ದು ಬುಟ್ಟಿಯೊಳಗೋ ಹೊರಗೋ ಎಂದು ನೋಡುತ್ತಿದ್ದಳು. ಕೆಲಸ ಕಲಿಯುವಾಗ ಆಳುಗಳ ಮೇಲ್ವಿಚಾರಕನಾಗಿದ್ದ ಕಂಗಾಣಿ ನೆಲಕ್ಕೆ ಬಿದ್ದ ಚಿಗುರಿಗೆಲ್ಲ ಬೈಯುತ್ತಿದ್ದ. ಅವನು ಸತ್ತು ಎಷ್ಟೋ ಕಾಲವಾಗಿತ್ತು, ಅಂಜಲೆಯ ಕತ್ತು ಇನ್ನೂ ಅವನಿಗೆ ಹೆದರುತ್ತಿತ್ತು. ಒಟ್ಟಿನಲ್ಲಿ ಅವಳ ಸಾಲಿನಲ್ಲಿ ಒಂದು ಎಲೆ ನೆಲಕ್ಕೆ ಬೀಳುತ್ತಿರಲಿಲ್ಲ. ಹೇಳಿದ ತೂಕ ಕಿತ್ತರೆ ಆ ದಿನಕ್ಕೆ ಪೂರಾ ಹೆಸರು, ಎಂದರೆ ಪೂರಾ ಕೂಲಿ, ಕಡಿಮೆಯಾದರೆ ಅರೆ ಹೆಸರು ಎಂಬುದು ತೋಟದ ಲೆಕ್ಕ. ಅಂಜಲೆಗೆ ಅರೆ ಹೆಸರು ಬಿದ್ದಿದ್ದನ್ನು ಯಾರೂ ನೋಡಿರಲಿಲ್ಲ.

ಬಿದ್ದ ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ರಾಮಾಯಿ ಕೇಳಿದಳು.

"ಅಂಜಲೆ, ಈಗೀಗ ನಿನ್ನ ಬಟ್ಟೆ ಹಗ್ಗದ ಮೇಲೆ ಕಾಣೋದೇ ಇಲ್ವಲ್ಲೇ."

"ಸೀರೆ ಒಣಗ್ತಾ ಇದೆಯಲ್ಲಕ್ಕ, ಕಾಣಲ್ವಾ?"

"ಸೀರೆ ಯಾರು ಕೇಳಿದ್ರು? ತಿಂಗಳ ಬಟ್ಟೆ."

ಅಂಜಲೆ ಕೊಡ ತುಂಬಿಸಿ ನಲ್ಲಿ ನಿಲ್ಲಿಸಿದಳು. ಆಮೇಲೆ, "ನಿಂತು ಹೋಯ್ತಕ್ಕ. ನಲವತ್ತಾರು ದಾಟಿತಲ್ಲ," ಎಂದಳು.

"ಹೌದಾ? ನಂಗೆ ಐವತ್ತರ ತನಕ ಇತ್ತು ಕಣೇ," ಎಂದು ರಾಮಾಯಿ ತನ್ನ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಅವಳ ನಡಿಗೆಯಲ್ಲಿದ್ದ ಅವಸರ ನೋಡಿ, ಈ ಮಾತು ಮಧ್ಯಾಹ್ನದೊಳಗೆ ಎಷ್ಟು ಬಾಗಿಲು ಹತ್ತುತ್ತದೆ ಎಂದು ಅಂಜಲೆಗೆ ಅಂದಾಜಾಯಿತು.

ಬೇರೆ ಸಮಯದಲ್ಲಿ ಆಗಿದ್ದರೆ ಅವಳು ಇದಕ್ಕೆಲ್ಲ ಬಗ್ಗುತ್ತಿರಲಿಲ್ಲ. ಈಗ ಹಾಗಿರಲಿಲ್ಲ. ಒಬ್ಬಳೇ ಮಗಳು ತವಮಣಿಯನ್ನು ಅಣ್ಣನ ಮಗ ಪಿಚ್ಚಮುತ್ತುವಿಗೆ ಕೊಡುವ ಮಾತಾಗಿತ್ತು. ಹುಡುಗ ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವ ಮಹಡಿಯಲ್ಲಿದ್ದ, ಕುಡಿಯುವವನಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದನ್ನು ಅಂಜಲೆ ಕದ್ದು ನೋಡಿದ್ದಳು. ಪೊಂಗಲ್ ಕಳೆದು, ತೈ ತಿಂಗಳಲ್ಲಿ ಮದುವೆ. ಆದರೆ ಮಾತು ಕೊಟ್ಟಿದ್ದು ಅಣ್ಣ, ಉಳಿಸಿಕೊಳ್ಳಬೇಕಾದವಳು ಅತ್ತಿಗೆ ಸೊರ್ಣಮ್ಮ. ಸೊರ್ಣಮ್ಮ ಅಂಗಡಿಯಲ್ಲಿ ತೆಂಗಿನಕಾಯಿ ಕೊಂಡರೂ ಮೂರು ಸಲ ಅಲ್ಲಾಡಿಸಿ, ಕಿವಿಗೆ ಹಿಡಿದು, ಕೊನೆಗೆ ಬೇರೆ ತೆಗೆದುಕೊಳ್ಳುವ ಹೆಂಗಸು.

ತಲೆತಿರುಗು ನಿಲ್ಲಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಬಂತು, ಆಮೇಲೆ ದಿನವೂ ಬಂತು. ಬಂದಾಗ ಕಣ್ಣೆದುರಿನ ಸಾಲುಗಳು ಎಡದಿಂದ ಬಲಕ್ಕೆ ಜಾರುತ್ತಿದ್ದವು, ಗಿಡ ಹಿಡಿದುಕೊಳ್ಳದಿದ್ದರೆ ಬೀಳುವುದೇ. ಅಂಜಲೆಗೆ ಮೊದಲು ಅನುಮಾನ ಬಂದಿದ್ದು ರಾಮಾಯಿಯ ಮೇಲೆ. ಹಿಂದಿನ ವಾರ ಅವಳು ಕೊಟ್ಟ ಕುಂಬಳಕಾಯಿ ಪಲ್ಯದಲ್ಲಿ ಏನಾದರೂ ಇತ್ತೇ? ರಾಮಾಯಿಗೂ ಮದುವೆಯಾಗದ ತಂಗಿಮಗಳೊಬ್ಬಳಿದ್ದಳು. ಪಿಚ್ಚಮುತ್ತುವಿನ ಮೇಲೆ ಅವಳಿಗೂ ಕಣ್ಣಿದ್ದರೆ? ಹೊಸ್ತಿಲ ಹತ್ತಿರ ಹೆಚ್ಚಿದ ನಿಂಬೆಹಣ್ಣು ಸಿಕ್ಕಿತು. ಅದು ಮಕ್ಕಳು ಉಪ್ಪು ಹಚ್ಚಿ ನೆಕ್ಕಿ ಎಸೆದದ್ದು ಎಂದು ತವಮಣಿ ಎಷ್ಟು ಹೇಳಿದರೂ ಅಂಜಲೆ ಕೋಲಿನಿಂದಲೇ ತಳ್ಳಿದಳು. ಹೊರಗಿನವರ ಕೈಯಿಂದ ಏನೂ ತಿನ್ನದೆ, ತಾನೇ ತಟ್ಟಿದ ರೊಟ್ಟಿ, ತಾನೇ ಅರೆದ ತೆಂಗಿನ ಸಂಬಲ್ ಚಟ್ನಿ ಕಟ್ಟಿಕೊಂಡು ಹೋದಳು. ಆದರೂ ಬಂತು.

ಆಗ ಅವಳು ಎಲೆ ಕೀಳುವಷ್ಟೇ ಜಾಗರೂಕತೆಯಿಂದ ತಲೆತಿರುಗು ಯಾವಾಗ ಬರುತ್ತದೆ ಎಂದು ಗಮನಿಸತೊಡಗಿದಳು. ಕೂತಾಗ ಬರುವುದಿಲ್ಲ. ಹಸಿವಾದಾಗ ಬರುವುದಿಲ್ಲ. ಗುಡ್ಡ ಹತ್ತುವಾಗ ಬರುವುದಿಲ್ಲ. ಬುಟ್ಟಿ ಅರ್ಧಕ್ಕಿಂತ ಮೇಲೆ ತುಂಬಿ, ಹಗ್ಗ ನೆತ್ತಿಯನ್ನು ಒತ್ತುತ್ತಿರುವಾಗ ಎಡಕ್ಕೆ ಕತ್ತು ತಿರುಗಿಸಿದರೆ ಬರುತ್ತದೆ. ಬರುವ ಮೊದಲು ಕತ್ತಿನ ಹಿಂದೆ ಮರದ ಬೆಣೆ ಹೊಡೆದಂತೆ ನೋವು, ಎಡಗೈ ಬೆರಳುಗಳಲ್ಲಿ ಜುಮುಜುಮು. ಇಷ್ಟು ತಿಳಿದ ಮೇಲೆ ಅವಳಿಗೆ ರಾಮಾಯಿಯ ಮೇಲಿನ ಅನುಮಾನ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ತೋಟದ ಡಿಸ್ಪೆನ್ಸರಿಯ ಮದ್ದಿನಯ್ಯ ಕತ್ತು ಮುಟ್ಟಲೇ ಇಲ್ಲ. "ಗಂಡ ಇದ್ದಾನಾ?" ಎಂದು ಕೇಳಿದ.

"ಇಲ್ಲ ಸ್ವಾಮಿ."

"ಮತ್ತೆ ವಾಂತಿ ಅಂತೀ?"

"ತಲೆ ತಿರುಗ್ತದೆ, ಅದಕ್ಕೆ ವಾಂತಿ. ವಾಂತಿಗೆ ತಲೆ ತಿರುಗೋದಲ್ಲ."

ಅವನು ಕನ್ನಡಕದ ಮೇಲಿಂದ ನೋಡಿ, ಬಾಗಿಲ ಹೊರಗೆ ಸಾಲಾಗಿ ಕೂತಿದ್ದವರಿಗೆಲ್ಲ ಕೇಳುವಂತೆ, "ಪೇಟೆ ಆಸ್ಪತ್ರೆಗೆ ಹೋಗಮ್ಮ, ಅಲ್ಲಿ ಹೆಂಗಸು ಡಾಕ್ಟರ್ ಇದ್ದಾರೆ," ಎಂದ.

ಪೇಟೆಯ ಡಾಕ್ಟರಮ್ಮ ಸಿಂಹಳ ಮಾತಿನವರು. ತಮಿಳು ಬಲ್ಲ ಆಯಾ ಒಬ್ಬಳು ನಡುವೆ ನಿಂತು ಅವರ ಮಾತು ಇವಳಿಗೆ, ಇವಳ ಮಾತು ಅವರಿಗೆ ದಾಟಿಸಿದಳು. ಡಾಕ್ಟರಮ್ಮನೂ ಮೊದಲು ಗರ್ಭದ್ದೇ ಪರೀಕ್ಷೆ ಮಾಡಿಸಿದರು. ಇಲ್ಲವೆಂದು ಬಂದ ಮೇಲೆ ರಕ್ತದ ಒತ್ತಡ ನೋಡಿದರು, ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಮೇಜಿನ ಮೇಲೆ ಕೂರಿಸಿ, ತಲೆ ಹಿಡಿದು ತಟ್ಟನೆ ಮಲಗಿಸಿ ಕಣ್ಣನ್ನೇ ದಿಟ್ಟಿಸಿದರು. ಆಮೇಲೆ ಕತ್ತಿನ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು.

ಆಯಾ ಹೇಳಿದಳು: "ಕುತ್ತಿಗೇಲಿ ಮೂಳೆ ಮೂಳೆ ನಡುವೆ ಮೆತ್ತೆ ಇರ್ತದಂತೆ. ನಿಂದು ಸವೆದು ತೆಳ್ಳಗಾಗಿದೆಯಂತೆ. ಇಷ್ಟು ವರ್ಷ ತಲೆ ಮೇಲೆ ಏನು ಹೊತ್ತೆ ಅಂತ ಕೇಳ್ತಿದಾರೆ."

"ಅವರು ಕುಡಿಯೋ ಟೀ ಅಂತ ಹೇಳು."

ಆಯಾ ಅದನ್ನು ಹೇಳಿದಳೋ ಇಲ್ಲವೋ, ಡಾಕ್ಟರಮ್ಮ ನಕ್ಕರು.

"ತಲೆ ಯಾವ ಕಡೆ ತಿರುಗಿದೆ ಅಂತ ಕುತ್ತಿಗೆ ಒಳಗೊಳಗೇ ಮಿದುಳಿಗೆ ತಿಳಿಸ್ತಾ ಇರ್ತದಂತೆ. ಕಣ್ಣೂ ಕಿವೀನೂ ಒಂದು ಹೇಳಿದ್ರೆ ನಿನ್ನ ಕುತ್ತಿಗೆ ಇನ್ನೊಂದು ಹೇಳ್ತದಂತೆ. ಯಾರನ್ನ ನಂಬೋದು ಅಂತ ಗೊತ್ತಾಗದೆ ತಲೆ ತಿರುಗ್ತದಂತೆ."

"ಇದೇ ಅಂತ ಖಂಡಿತವಾಗಿ ಹೇಳ್ತಾರಾ?"

ಆಯಾ ಕೇಳಿ ಇವಳ ಕಡೆ ತಿರುಗಿದಳು. "ಖಂಡಿತ ಅಂತ ಹೇಳಲ್ಲವಂತೆ. ಕುತ್ತಿಗೆ ಸವೆದವರಿಗೆಲ್ಲ ತಲೆ ತಿರುಗಲ್ಲವಂತೆ. ಬೇರೆ ಕಾರಣ ನೋಡಿದ್ರು, ಸಿಗಲಿಲ್ಲ. ಒಂದೆರಡು ತಿಂಗಳು ತಲೆ ಮೇಲೆ ಭಾರ ಹಾಕಬೇಡ, ಹೇಳಿಕೊಟ್ಟ ಹಾಗೆ ಕುತ್ತಿಗೆಗೆ ವ್ಯಾಯಾಮ ಮಾಡು. ಕಡಿಮೆಯಾದ್ರೆ ಇದೇ ಅಂತಾರೆ. ಹಿಂದೆ ನೋಡಬೇಕಾದ್ರೆ ಕತ್ತು ತಿರುಗಿಸಬೇಡ, ಇಡೀ ಮೈ ತಿರುಗಿಸು."

ಖಂಡಿತ ಎಂದು ಹೇಳದಿದ್ದುದರಿಂದಲೇ ಅಂಜಲೆಗೆ ಆ ಡಾಕ್ಟರಮ್ಮನ ಮೇಲೆ ಸ್ವಲ್ಪ ನಂಬಿಕೆ ಬಂತು. ನೋವು ಹೆಚ್ಚಾದ ದಿನಗಳಿಗೆಂದು ಕೊಟ್ಟ ಬಿಳಿ ಪಟ್ಟಿಯನ್ನು ಕುತ್ತಿಗೆಗೆ ಕಟ್ಟಿಕೊಂಡು ಬಸ್ಸು ಇಳಿದಳು.

ಅವಳು ಲೈನಿಗೆ ತಲುಪುವ ಮೊದಲೇ ಹೊಸ ಸುದ್ದಿ ತಲುಪಿತ್ತು. ಅಂಜಲೆ ಆಸ್ಪತ್ರೆಗೆ ಹೋಗಿ ಹೊಟ್ಟೆ ಖಾಲಿ ಮಾಡಿಸಿಕೊಂಡು ಬಂದಳು, ಕುತ್ತಿಗೆಯ ಪಟ್ಟಿ ಜನರ ಕಣ್ಣಿಗೆ ಮಣ್ಣೆರಚಲು. ಹೊಟ್ಟೆ ಮುಂದೆ ಬಂದರೆ ತಪ್ಪು ಅವಳದ್ದು, ಬರದಿದ್ದರೂ ತಪ್ಪು ಅವಳದ್ದೇ. ಇದನ್ನು ಯೋಚಿಸಿದವಳ ಬುದ್ಧಿಗೆ ಅಂಜಲೆ ಮನಸ್ಸಿನಲ್ಲೇ ಕೈ ಮುಗಿದಳು.

ಭಾನುವಾರ ಸೊರ್ಣಮ್ಮ ಬಂದಳು. ಕೊಟ್ಟ ಟೀಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು.

"ಆಸ್ಪತ್ರೆಗೆ ಹೋಗಿದ್ಯಂತೆ?"

"ಹೋಗಿದ್ದೆ ಅತ್ತಿಗೆ. ಕುತ್ತಿಗೆ ತೋರಿಸೋಕೆ."

"ಕುತ್ತಿಗೇನೋ, ಅದರಿಂದ ಸ್ವಲ್ಪ ಕೆಳಗೋ?"

ಅಂಜಲೆಯ ಮೈಯೆಲ್ಲ ಉರಿಯಿತು. "ಅಣ್ಣ ಯಾಕೆ ಬರಲಿಲ್ಲ? ಕೇಳೋದಿದ್ರೆ ಅವನೇ ಕೇಳಲಿ."

"ಅವನಿಗೆ ನೀನು ಇನ್ನೂ ಹಾಲು ಕುಡಿಯೋ ತಂಗಿ. ಕೇಳಿದ್ರೆ ಅಳ್ತಾನೆ. ನಾನು ಮಗನ್ನ ಹೆತ್ತವಳು, ನಾನು ಕೇಳ್ತೀನಿ. ಕುತ್ತಿಗೆ ನಂಗಿಲ್ವಾ? ರಾಮಾಯಿಗಿಲ್ವಾ? ಹಗ್ಗ ನಾವೂ ಹಾಕಿದೀವಿ. ನಾವು ಯಾರಾದ್ರೂ ಬಿದ್ದು ವಾಂತಿ ಮಾಡಿದೀವಾ?"

"ಡಾಕ್ಟರಮ್ಮ ಫೋಟೋ ತೆಗೆದು ನೋಡಿದಾರೆ ಅತ್ತಿಗೆ. ಮೂಳೆ ನಡುವಿನ ಮೆತ್ತೆ ಸವೆದಿದೆ ಅಂದ್ರು."

"ಮೂಳೆ ನಡುವೆ ಮೆತ್ತೆ, ತಲೆದಿಂಬು ಎಲ್ಲ ಅವರೇ ನೋಡಿದ್ದು. ನಾನು ನೋಡಿದ್ನಾ?" ಸೊರ್ಣಮ್ಮ ಎದ್ದಳು. "ಶುಕ್ರವಾರ ಮಾರಿಯಮ್ಮನ ಗುಡಿಗೆ ಬಾ. ಕೊಡ ಹೊತ್ತು ಸತ್ಯ ಮಾಡು. ಅಮ್ಮ ಹೂಂ ಅಂದ್ರೆ ತೈ ತಿಂಗಳಲ್ಲಿ ತಾಳಿ. ಇಲ್ಲಾಂದ್ರೆ ನನ್ನ ಮಗನಿಗೆ ಹುಡುಗಿಯರ ಬರವಿಲ್ಲ."

ಆ ತೋಟದಲ್ಲಿ ಸತ್ಯ ಮಾಡುವ ಕ್ರಮ ಎಲ್ಲರಿಗೂ ಗೊತ್ತು. ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲೇ ಅರಿಶಿನ ನೀರಿನ ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ಗುಡಿಗೆ ಮೂರು ಸುತ್ತು ಬರಬೇಕು. ಆಮೇಲೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಬೇಕು. ನಡುವೆ ಎಡವಿದರೆ, ಬಿದ್ದರೆ, ಕೊಡ ಜಾರಿದರೆ ಅಮ್ಮ ಇಲ್ಲ ಎಂದ ಹಾಗೆ. ಅದರ ಮೇಲೆ ಮಾತಿಲ್ಲ.

ಅಂಜಲೆಗೆ ಸುಳ್ಳಿನ ಭಯ ಇರಲಿಲ್ಲ. ಅವಳಿಗೆ ಭಯವಿದ್ದದ್ದು ಕುತ್ತಿಗೆಯದು. ಅಮ್ಮನಿಗೆ ಸತ್ಯ ಗೊತ್ತು, ಆದರೆ ಕತ್ತು ಸುಳ್ಳು ಹೇಳಿಬಿಟ್ಟರೆ? ಕೊಡವನ್ನು ಸೊಂಟದ ಮೇಲಿಟ್ಟುಕೊಳ್ಳುತ್ತೇನೆ ಎಂದು ಕೇಳಬಹುದಿತ್ತು. ಕೇಳಿದರೆ ಅದೇ ಇನ್ನೊಂದು ಅನುಮಾನವಾಗುತ್ತಿತ್ತು.

ಗುರುವಾರ ಸಂಜೆ ಬೆಳಕಿರುವಾಗಲೇ ಅವಳು ಲೈನಿನ ಹಿಂದಿನ ಕೋಸಿನ ಪಾತಿಗೆ ಹೋಗಿ, ಕೊಡಕ್ಕೆ ನೀರು ತುಂಬಿ ತಲೆಯ ಮೇಲಿಟ್ಟುಕೊಂಡು ನಡೆದು ನೋಡಿದಳು. ನೇರ ನಡೆದರೆ ಏನೂ ಆಗಲಿಲ್ಲ. ಮೂಲೆಯಲ್ಲಿ ತಲೆ ಮೊದಲು ತಿರುಗಿದರೆ ಕೋಸುಗಳು ಜಾರುತ್ತಿದ್ದವು. ಪಾದ ಮೊದಲು ತಿರುಗಿಸಿ, ಆಮೇಲೆ ಸೊಂಟ, ಎದೆ, ತಲೆ ಎಲ್ಲ ಒಂದೇ ಹಲಗೆಯ ಹಾಗೆ ತಿರುಗಿಸಿದರೆ ನಿಲ್ಲಬಹುದಿತ್ತು. ಮತ್ತೆ ಮತ್ತೆ ಹಾಗೆಯೇ ತಿರುಗಿದಳು.

ಬೇಲಿಯ ಹತ್ತಿರ ತವಮಣಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಅವ್ವಾ, ಸತ್ಯ ಮಾಡೋಕೂ ಅಭ್ಯಾಸ ಬೇಕಾ?"

ಅಂಜಲೆ ಕೊಡ ಇಳಿಸಿದಳು. ಊರೆಲ್ಲ ಕೇಳಿದ್ದಕ್ಕಿಂತ ಈ ಮಾತು ಚುಚ್ಚಿತು. "ನಿಂಗೂ ಅನುಮಾನವಾ?"

"ನಂಗೇನು ಗೊತ್ತವ್ವಾ? ನೀನು ಏನು ಕೇಳಿದ್ರೂ ಏನಿಲ್ಲ ಅಂತೀಯ. ರಾತ್ರಿ ಮಗ್ಗುಲು ತಿರುಗೋವಾಗ ನರಳ್ತೀಯ, ಕೇಳಿದ್ರೆ ಏನಿಲ್ಲ. ಏನೂ ಇಲ್ಲದೆ ಇದ್ರೆ ಜನ ಏನಾದ್ರೂ ತುಂಬ್ತಾರೆ."

ಅಂಜಲೆ ಮಗಳ ಕೈ ಹಿಡಿದು ತನ್ನ ಕತ್ತಿನ ಹಿಂದೆ ಇಟ್ಟುಕೊಂಡಳು. ತವಮಣಿ ಒತ್ತಿ ನೋಡಿದಳು, ಆ ಕಡೆ ಈ ಕಡೆ ಬೆರಳಾಡಿಸಿದಳು. ಒಂದು ಕಡೆ ಒತ್ತಿದಾಗ ಅಂಜಲೆ ಹಲ್ಲು ಕಚ್ಚಿದಳು.

"ಕಟ್ಟಿಗೆ ಹಾಗಿದೆಯಲ್ಲವ್ವಾ," ಎಂದಳು ತವಮಣಿ. ಆಮೇಲೆ ಅವಳೇ ಕೊಡ ಎತ್ತಿ ಅವ್ವನ ತಲೆಯ ಮೇಲಿಟ್ಟಳು. "ಇನ್ನೊಂದು ಸಲ ತಿರುಗು. ಎಡಗಡೆ ಮೂಲೇಲಿ ನಿನ್ನ ತಲೆ ಅವಸರ ಮಾಡ್ತದೆ."

ಶುಕ್ರವಾರ ಗುಡಿಯ ಮುಂದೆ ಅಷ್ಟು ಹೆಂಗಸರು ಸೇರಿದ್ದು ಅಂಜಲೆ ಹಬ್ಬದಲ್ಲೂ ನೋಡಿರಲಿಲ್ಲ. ಅಣ್ಣ ದೂರದಲ್ಲಿ ಬೆನ್ನು ಹಾಕಿ ನಿಂತು ಬೀಡಿ ಸೇದುತ್ತಿದ್ದ. ಸೊರ್ಣಮ್ಮ ತಾನೇ ಕೊಡ ತುಂಬಿ, ಬೇವಿನ ಎಲೆ ಹಾಕಿ, ಕಂಠದ ತನಕ ನೀರಿದೆಯೇ ಎಂದು ಬೆರಳದ್ದಿ ನೋಡಿದಳು. ಅಂಜಲೆ ಪಟ್ಟಿ ಬಿಚ್ಚಿ ಮಗಳ ಕೈಗೆ ಕೊಟ್ಟಳು. ಕೊಡ ತಲೆಗೇರಿತು.

ಮೊದಲ ಸುತ್ತಿನಲ್ಲಿ ಯಾರೋ, "ಯಾಕೆ ಹೀಗೆ ಮದುಮಗಳ ಹಾಗೆ ನಡೀತಾಳೆ?" ಎಂದರು, ಕೆಲವರು ನಕ್ಕರು. ಎರಡನೆಯ ಸುತ್ತಿನಲ್ಲಿ ಯಾರೂ ನಗಲಿಲ್ಲ. ಕತ್ತಿನಲ್ಲಿ ಬೆಣೆ ಇಳಿಯತೊಡಗಿತ್ತು, ಬೆರಳುಗಳು ಜುಮುಗುಟ್ಟುತ್ತಿದ್ದವು. ಅಂಜಲೆ ಎದುರಿಗಿದ್ದ ಗೋಡೆಯ ಕೆಂಪು ಪಟ್ಟಿಯ ಮೇಲೆಯೇ ಕಣ್ಣಿಟ್ಟು ನಡೆದಳು. ಮೂರನೆಯ ಸುತ್ತಿನಲ್ಲಿ, ಗುಡಿಯ ಹಿಂದಿನ ಎಡಮೂಲೆಗೆ ಬರುವಾಗ, ಬೆನ್ನ ಹಿಂದಿನಿಂದ ಕೂಗು ಬಂತು.

"ಏ ಅಂಜಲೆ!"

ರಾಮಾಯಿಯ ದನಿ. ಇಷ್ಟು ವರ್ಷ ಸಾಲಿನಲ್ಲಿ ಆ ದನಿ ಕರೆದಾಗಲೆಲ್ಲ ಅವಳು ಎಡಕ್ಕೆ ಕತ್ತು ತಿರುಗಿಸಿಯೇ ಓಗೊಟ್ಟಿದ್ದಳು. ಈಗಲೂ ಕತ್ತು ಹೊರಟೇಬಿಟ್ಟಿತ್ತು. ಗೋಡೆಯ ಕೆಂಪು ಪಟ್ಟಿ ಸ್ವಲ್ಪ ಜಾರಿತು. ಅಂಜಲೆ ನಿಂತಳು, ಕತ್ತನ್ನು ಮತ್ತೆ ನೇರಕ್ಕೆ ತಂದಳು, ಪಟ್ಟಿ ತನ್ನ ಜಾಗಕ್ಕೆ ಬರುವ ತನಕ ಕಾದಳು. ಆಮೇಲೆ ಮೊದಲು ಒಂದು ಪಾದ, ಆಮೇಲೆ ಇನ್ನೊಂದು ಪಾದ, ಹೀಗೆ ಇಡೀ ಮೈಯನ್ನು ಕೊಡದ ಸಮೇತ ಹಿಂದಕ್ಕೆ ತಿರುಗಿಸಿ ಕೇಳಿದಳು.

"ಏನಕ್ಕ?"

"ನಿನ್ನ ಸೆರಗು... ದೀಪದ ಹತ್ರ ಹೋಗ್ತಿತ್ತು ಕಣೇ."

ಸೆರಗು ಒದ್ದೆಯಾಗಿತ್ತು. ದೀಪ ಇದ್ದದ್ದು ಗೂಡಿನೊಳಗೆ. ಅಂಜಲೆ ಒಂದು ಕ್ಷಣ ರಾಮಾಯಿಯ ಮುಖ ನೋಡಿದಳು, ಏನೂ ತಿಳಿಯಲಿಲ್ಲ. ಮತ್ತೆ ಹಾಗೆಯೇ ಪಾದ ಮೊದಲಾಗಿ ತಿರುಗಿ ಸುತ್ತು ಮುಗಿಸಿದಳು. ಕೊಡ ಇಳಿಸಿ, ಉರಿಯುವ ಕರ್ಪೂರದ ಮೇಲೆ ಅಂಗೈ ಒತ್ತಿ, "ಗಂಡನ ಬಿಟ್ಟು ಬೇರೆಯವರ ನೆರಳೂ ನನ್ನ ಮೇಲೆ ಬಿದ್ದಿಲ್ಲ ತಾಯೇ," ಎಂದಳು. ಹೊಗೆ ಎದ್ದಿತು. ಯಾರೋ ಒಬ್ಬಳು "ಅಮ್ಮಾ" ಎಂದು ಕೂಗಿ ಕೆನ್ನೆ ಬಡಿದುಕೊಂಡಳು.

ಮೆಟ್ಟಿಲ ಮೇಲೆ ಕುಳಿತ ಅಂಜಲೆಯ ಪಕ್ಕಕ್ಕೆ ಸೊರ್ಣಮ್ಮ ಬಂದು ಕೂತು, ಹಣೆಗೆ ಕುಂಕುಮ ಹಚ್ಚಲಾಗದೆ ವಿಭೂತಿ ಹಚ್ಚಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು.

"ಹಾಗಾದ್ರೆ ಅದು ನಿಜವಾಗ್ಲೂ ಕುತ್ತಿಗೇದೇ?"

"ನಾನು ಹೇಳಿದ್ದೂ ಅದೇ ಅಲ್ವಾ ಅತ್ತಿಗೆ."

"ಅವ್ವನಿಗಿದ್ರೆ ಮಗಳಿಗೂ ಬರ್ತದಲ್ಲಾ?"

ಒಂದು ಅನುಮಾನ ಎದ್ದು ಹೋದ ಜಾಗದಲ್ಲಿ ಇನ್ನೊಂದು ಆಗಲೇ ಬಂದು ಕೂತಿತ್ತು. ಅಂಜಲೆಗೆ ನಗು ಬಂತು, ನಕ್ಕರೆ ಕತ್ತು ನೋಯುತ್ತಿತ್ತು.

"ನನ್ನ ಅವ್ವನಿಂದ ಬಂದಿದ್ದು ಹಗ್ಗ. ಅದನ್ನ ತವಮಣಿ ತಲೆ ಮೇಲೆ ಹಾಕಿದ್ರೆ ಅವಳಿಗೂ ಬರಬಹುದು. ಹಾಕಬೇಡಿ."

"ಹಾಕದೆ? ಎಲೆ ಕೀಳದೆ ಸೊಸೆ ಮನೇಲಿ ಕೂತು ಏನು ಮಾಡ್ತಾಳೆ? ಕನ್ನಡಿ ನೋಡ್ಕೋತಾಳಾ?"

"ಕೀಳಲಿ. ಬುಟ್ಟಿಗೆ ಎರಡು ಹಗ್ಗ ಕಟ್ಟಿ ಹೆಗಲಿಗೆ ಹಾಕೊಳ್ಳಲಿ."

"ಥೂ! ಸ್ಕೂಲ್ ಮಗು ಥರ! ಜನ ಏನಂತಾರೆ?"

"ಜನ ಏನಂತಾರೆ ಅಂತ ಈ ಒಂದು ತಿಂಗಳು ಕೇಳಿದೀನಿ ಅತ್ತಿಗೆ. ಇದಕ್ಕಿಂತ ಹೆಚ್ಚೇನು ಅಂದಾರು?" ಅಂಜಲೆ ಇಡೀ ಮೈಯನ್ನು ಅತ್ತಿಗೆಯ ಕಡೆ ತಿರುಗಿಸಿದಳು. "ನೀವು ಹೇಳಿದ್ದಕ್ಕೆ ನಾನು ಸತ್ಯ ಮಾಡಿದೆ. ನಾನು ಹೇಳಿದ್ದಕ್ಕೆ ನೀವು ಒಪ್ಪಬೇಕು. ಇಲ್ಲಾಂದ್ರೆ ಹುಡುಗನ್ನ ನೀವೇ ಇಟ್ಕೊಳ್ಳಿ."

ಸೊರ್ಣಮ್ಮ ಕೈ ಚಾಚಿ ಅಂಜಲೆಯ ಕತ್ತಿನ ಹಿಂದೆ ಮುಟ್ಟಿದಳು. ಗಟ್ಟಿಯಾಗಿದ್ದ ಜಾಗವನ್ನು ಒತ್ತಿದಳು, ಇನ್ನೊಂದು ಸಲ ಒತ್ತಿದಳು. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ತನ್ನ ಕತ್ತನ್ನೂ ಮುಟ್ಟಿ ನೋಡಿಕೊಂಡಳು.

"ಒಂದು ವರ್ಷ ನೋಡ್ತೀನಿ," ಎಂದಳು. "ತೂಕ ಕಡಿಮೆ ಬಂದ್ರೆ ಬಿಡಲ್ಲ."

ತೈ ತಿಂಗಳಲ್ಲಿ ಮದುವೆಯಾಯಿತು. ಅಷ್ಟರೊಳಗೆ ಅಂಜಲೆ ಬುಟ್ಟಿ ಬಿಟ್ಟು, ಎಲೆ ಕೀಳುವವರ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯ ಕೆಲಸಕ್ಕೆ ಸೇರಿದ್ದಳು. ತಲೆತಿರುಗು ದಿನವೂ ಬರುವುದು ನಿಂತು ಯಾವಾಗಲೋ ಒಮ್ಮೆ ಬರುತ್ತಿತ್ತು. ಕಷ್ಟದ ಕೆಲಸ ತಪ್ಪಿಸಿಕೊಳ್ಳಲು ಮೊದಲಿನಿಂದಲೂ ನಾಟಕವಾಡಿದಳು ಎಂದು ಈಗಿನ ಕಂಗಾಣಿ ಹೇಳುತ್ತಿದ್ದ.

ಹೊಸ ಸೊಸೆ ಮೊದಲ ಸಲ ಸಾಲಿಗಿಳಿದ ಬೆಳಿಗ್ಗೆ, ಅಂಜಲೆ ಯಾರದೋ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತು ಮೇಲಿನ ಗುಡ್ಡ ನೋಡುತ್ತಿದ್ದಳು. ಸೊರ್ಣಮ್ಮ ತವಮಣಿಯ ಬೆನ್ನಿಗೆ ಬುಟ್ಟಿ ಇಟ್ಟು, ಎರಡು ಹೆಗಲಿಗೂ ಹಗ್ಗ ಏರಿಸಿ, ಜಾರಿ ಕತ್ತಿನ ಕಡೆಗೆ ಹೋಗುವುದೇ ಎಂದು ಎಳೆದು ನೋಡುತ್ತಿದ್ದಳು. ಸುತ್ತಲಿನ ಹೆಂಗಸರು ಏನೋ ಹೇಳಿ ನಕ್ಕರು. ಸೊರ್ಣಮ್ಮ ಅವರಿಗೆ ಗಟ್ಟಿಯಾಗಿ ಏನೋ ಬೈದಳು, ಅದು ಕೆಳಗೆ ಕೇಳಿಸಲಿಲ್ಲ. ಬೈದು ಮುಗಿಸಿ ಕೆಳಕ್ಕೆ, ನೇರವಾಗಿ ಮಕ್ಕಳ ಕೋಣೆಯ ಬಾಗಿಲಿಗೆ ಕಣ್ಣು ಹಾಯಿಸಿದಳು, ಕೊಟ್ಟ ಮಾತು ನಡೆಯುತ್ತದೆಯೇ ಎಂದು ಅಂಜಲೆ ತನ್ನನ್ನು ಕಾಯುತ್ತಿದ್ದಾಳೆಯೇ ಎಂದು.

ಅಂಜಲೆ ಕಾಯುತ್ತಿದ್ದಳು. ಬಾಗಿಲಿಂದ ಅಲ್ಲಾಡಲಿಲ್ಲ.